ಮಾವ ಸಾರ್ವಜನಿಕ ಆಡಳಿತ ಓದಿದ್ದು

ನಮ್ಮ ಸೋದರಮಾವನನ್ನು ಪೂರ್ತಿ ಅರ್ಥ ಮಾಡಿಕೊಂಡವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರುಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ನಾನು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿರುತ್ತೇನೆ. ಬಂದರೆ ಊಟ ಹಾಕಿ, ಶಾಲು ಹೊದಿಸಿ, ಕಾಲಿಗೂ ಬೀಳುತ್ತೇನೆ! ನೋಡಿ, ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದ ಮನುಷ್ಯ, ಗಂಗಾವತಿಯ ಮನೆಯಲ್ಲಿ ಕಾಲು ಚಾಚಿ ಕುಳಿತಿರುವುದು ಬಿಟ್ಟು, ದೂರಶಿಕ್ಷಣದಲ್ಲಿ ಎಂ.ಎ.ಗೆ ಹೆಸರು ಹಚ್ಚಿ ಬಂದರು. ನೌಕರಿಯ ಕೊನೆಯಲ್ಲಿ ಗುಟ್ಟಾಗಿ ಬಿ.ಎ. ಮುಗಿಸಿದ್ದರೆಂಬುದು ನಮಗೆ ಗೊತ್ತಾದದ್ದೇ ಆಗ. ಹೋಗಲಿ, ಎಂ.ಎ. ಯಾವುದರಲ್ಲಿ? ಸಾರ್ವಜನಿಕ ಆಡಳಿತದಲ್ಲಿ! ಮೂವತ್ತು ವರ್ಷ ಕಣ್ಣೆದುರು ಕಂಡದ್ದನ್ನೇ ಮತ್ತೆ ಫೀ ಕಟ್ಟಿ ಓದುವವರುಂಟೇ?

ಆ ಡಿಗ್ರಿಯಲ್ಲಿ ಏನು ಕಲಿಸುತ್ತಾರೆ ಎಂಬುದು ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವನ ಪಕ್ಕದ ಮನೆಯ ಅಕ್ಕಿ ಮಿಲ್ಲಿನ ಗುಮಾಸ್ತರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಕಾಂಪೌಂಡಿನ ಮೇಲಿಂದ ಕೇಳಿಯೇಬಿಟ್ಟರು.

"ಸರಕಾರ ಹ್ಯಾಂಗ ನಡಿತೈತಿ ಅಂತ ಕಲಸ್ತಾರ್ರಿ," ಎಂದರು ಮಾವ ಗಂಭೀರವಾಗಿ.

ಗುಮಾಸ್ತರು ಬಾಯಲ್ಲಿದ್ದ ಬ್ರಷ್ ತೆಗೆದರು. "ಹೌದಾ? ನಡಿತೈತೇನ್ರಿ ಅದು?"

ಮಾವ ನೆಟ್ಟಗೆ ಒಳಗೆ ಹೋಗಿ ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರಂತೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಆದ್ದರಿಂದ ಪುಸ್ತಕದ ಗಟ್ಟಿ ಶಬ್ದಗಳೆಲ್ಲ ಫೋನಿನಲ್ಲಿ ನನ್ನ ತಲೆಗೇ ಬಂದು ಬೀಳುತ್ತಿದ್ದವು. "ಯವ್ವಾ, ನನಗ ಪ್ರತ್ಯಾಯೋಜನೆ ತಿಳಿವಲ್ದು ನೋಡು," ಎಂದರು ಒಮ್ಮೆ. ನಾನು ಇದೇನೋ ಹೊಸ ಬೇನೆ ಎಂದುಕೊಂಡು, "ಡಾಕ್ಟರಿಗೆ ತೋರಿಸಿದ್ರೇನ್ರಿ ಮಾಮಾ?" ಎಂದುಬಿಟ್ಟೆ! ಕೊನೆಗೆ ನಿಘಂಟು, ಗೈಡು ಎಲ್ಲ ತಡಕಾಡಿ, ಮೇಲಿನವರು ತಮ್ಮ ಕೆಲಸವನ್ನೂ ಅಧಿಕಾರವನ್ನೂ ಕೆಳಗಿನವರಿಗೆ ಒಪ್ಪಿಸುವುದಕ್ಕೆ ಹಾಗೆನ್ನುತ್ತಾರೆ ಎಂದು ಹೇಳಿದೆ.

"ಇಷ್ಟ ಏನು? ಇದನ್ನ ನಮ್ಮ ಸಾಹೇಬ್ರು ಓದಲಾರದ ಮಾಡ್ತಿದ್ರಲ್ಲ! ಅಧಿಕಾರ ಅಷ್ಟ ತಮ್ಮ ಹಂತ್ಯಾಕ ಇಟ್ಕೋತಿದ್ರು."

ಓದಿದ್ದನ್ನು ಓದಿದಲ್ಲಿಗೇ ಬಿಟ್ಟಿದ್ದರೆ ನಾವು ಬದುಕುತ್ತಿದ್ದೆವು. ಮಾವ ಮನೆಯಲ್ಲಿ ಜಾರಿಗೆ ತರತೊಡಗಿದರು. 'ಆದೇಶೈಕ್ಯತೆ' ಎಂಬ ಪಾಠ ಮುಗಿದ ದಿನ ಸೊಸೆಯನ್ನು ಕರೆದು, ಒಬ್ಬ ನೌಕರನಿಗೆ ಒಬ್ಬರೇ ಮೇಲಧಿಕಾರಿ ಇರಬೇಕು, ನಾಲ್ಕು ಮಂದಿ ನಾಲ್ಕು ಹೇಳಿದರೆ ಕೆಲಸ ಕೆಡುತ್ತದೆ ಎಂದು ಅರ್ಧ ತಾಸು ವಿವರಿಸಿದರು. "ಇವತ್ತಿಂದ ನೀ ಒಬ್ಬರ ಮಾತ ಅಷ್ಟ ಕೇಳಬೇಕವಾ. ಯಾರ ಮಾತು ಅನ್ನೋದನ್ನ ನೀನ ಆರಿಸ್ಕೋ."

ಆಕೆ ಅತ್ತೆಯ ಮುಖ ನೋಡಿದಳು, ಮಾವನ ಮುಖ ನೋಡಿದಳು. "ಹಂಗಾದ್ರ ನಮ್ಮವ್ವನ ಮಾತು ಕೇಳ್ತೀನ್ರಿ," ಎಂದಳು. ಆಕೆಯ ತಾಯಿ ಕನಕಗಿರಿಯಲ್ಲಿದ್ದಾರೆ. ಫೋನ್ ಹೋಯಿತು, ಆದೇಶ ಬಂತು, ಮಧ್ಯಾಹ್ನದ ಬಸ್ಸಿಗೆ ಸೊಸೆ ತವರಿಗೆ ಹೊರಟಳು. ಎಂಟು ದಿನ ರೊಟ್ಟಿ ಬಡಿದ ಅತ್ತೆ ಯಾರ ಆದೇಶದ ಕೆಳಗೆ ಬಡಿದರೋ, ಪುಸ್ತಕದಲ್ಲಿರಲಿಲ್ಲ!

ಕುಷ್ಟಗಿಯಲ್ಲಿ ನನ್ನ ಬಸುರಿ ತಂಗಿಯ ಕುಬಸದ ದಿನ ಊಟದ ಉಸ್ತುವಾರಿಯನ್ನು ಮಾವನಿಗೆ ವಹಿಸಿದ್ದು ನಮ್ಮದೇ ತಪ್ಪು. ಆ ವಾರ ಅವರು 'ನಿಯಂತ್ರಣ ವ್ಯಾಪ್ತಿ' ಓದುತ್ತಿದ್ದರು. ಒಬ್ಬನ ಕೈಕೆಳಗೆ ಹೆಚ್ಚು ಜನ ಇರಬಾರದಂತೆ. ಹಾಗಾಗಿ ಅನ್ನಕ್ಕೊಬ್ಬ ಮೇಲ್ವಿಚಾರಕ, ಪಲ್ಯಕ್ಕೊಬ್ಬ, ನೀರಿಗೊಬ್ಬ, ಆ ಮೇಲ್ವಿಚಾರಕರ ಮೇಲೆ ಇನ್ನೊಬ್ಬ. ಪಂಕ್ತಿ ಕೂತಾಗ ನೋಡುತ್ತೇವೆ, ಮೇಲ್ವಿಚಾರಕರು ಒಂಬತ್ತು ಮಂದಿ, ಬಡಿಸುವವನು ಒಬ್ಬನೇ! ಅವನೂ ಸಾರಿನ ಬಕೆಟ್ ಹಿಡಿದು ಯಾರ ಅಪ್ಪಣೆಗೋ ಕಾಯುತ್ತಿದ್ದ. ಅಡುಗೆಯವರು ಒಲೆಯ ಮುಂದಿನಿಂದ ಎದ್ದು ಬಂದು, "ಸಾಹೇಬ್ರ, ಇದು ಥೇಟ್ ಸರಕಾರ ಆತು ನೋಡ್ರಿ!" ಎಂದರು. ಮಾವನಿಗೆ ಎಂಥ ಸಂತೋಷ! ಅದನ್ನು ಮೆಚ್ಚುಗೆ ಎಂದೇ ತಿಳಿದರು.

ಪರೀಕ್ಷೆ ಕೊಪ್ಪಳದಲ್ಲಿತ್ತು. ಮಾವ ನಮ್ಮ ಮನೆಯಲ್ಲೇ ಉಳಿದು ಬರೆದರು. ಎಲ್ಲ ಪೇಪರುಗಳಲ್ಲೂ ಪಾಸು, ಒಂದರಲ್ಲಿ ಮಾತ್ರ ಫೇಲು. ಅದೂ ಅವರಿಗೆ ಬಾಯಿಪಾಠವಾಗಿದ್ದ ಪೇಪರು! ಆಡಳಿತದಲ್ಲಿ ಆಗುವ ವಿಳಂಬಕ್ಕೆ ಹನ್ನೆರಡು ಕಾರಣಗಳನ್ನು ನನ್ನ ಮುಂದೆಯೇ ಗಡಗಡ ಒಪ್ಪಿಸಿ ಹೋಗಿದ್ದರು, ಅದೇ ಪ್ರಶ್ನೆ ಬಂದಿತ್ತು. ನನಗೆ ತಲೆಯೇ ಓಡಲಿಲ್ಲ. ಹಟ ಹಿಡಿದು ಉತ್ತರಪತ್ರಿಕೆಯ ಜೆರಾಕ್ಸಿಗೆ ಅರ್ಜಿ ಹಾಕಿಸಿದೆ. ಅದು ನನ್ನ ವಿಳಾಸಕ್ಕೆ ಬಂದ ವಾರವೇ, ಭಾನುವಾರ, ಗಂಗಾವತಿಗೆ ಒಯ್ದೆ.

"ತಾ ಇಲ್ಲಿ," ಎಂದು ಮಾವ ಕೈ ಚಾಚಿದರು.

"ಅವರ ಕೈಯಾಗ ಕೊಡಬ್ಯಾಡ, ನೀನ ಓದು. ಈಟ ದಿನ ಓದಿ ಏನ್ ಬರದಾರ ಕೇಳೂನು," ಎಂದರು ಅತ್ತೆ.

ಅತ್ತೆಯ ಈ ಮೊನಚಿಗೆ ಹಳೆಯ ಕಾರಣವೊಂದಿತ್ತು. ನೌಕರಿಯಲ್ಲಿದ್ದಾಗ ಹನ್ನೊಂದು ವರ್ಷ ಮಾವ ಯಲಬುರ್ಗಾದಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು, ಶನಿವಾರ ಮಾತ್ರ ಮನೆಗೆ. ಅತ್ತೆ ಮಗನನ್ನು ಬೆಳೆಸಿದ್ದು, ಹಾಸಿಗೆ ಹಿಡಿದ ನಮ್ಮಜ್ಜಿಯನ್ನು ನೋಡಿಕೊಂಡದ್ದು ಒಂಟಿಯಾಗಿಯೇ. "ಬೇಕಂದ್ರ ವರ್ಗಾ ಮಾಡಿಸ್ಕೋತಿದ್ರು. ಅವರಿಗೆ ಬೇಕಾಗಿರಲಿಲ್ಲ," ಎಂದು ನಮ್ಮ ಮುಂದೆ ಎಷ್ಟೋ ಸಲ ಅಂದದ್ದುಂಟು. ಮಾವ ಕೇಳಿಯೂ ಕೇಳದವರಂತೆ ಎದ್ದು ಹೋಗುತ್ತಿದ್ದರು.

ನಾನು ಪತ್ರಿಕೆ ಬಿಚ್ಚಿದೆ. ವಿಳಂಬದ ಪ್ರಶ್ನೆಯೊಂದಕ್ಕೇ ಎಂಟು ಪುಟ. ಉಳಿದ ಪ್ರಶ್ನೆಗಳಿಗೆ ಬರೀ ನಂಬರ್ ಹಾಕಿ ಬಿಟ್ಟಿದ್ದರು. ನಗಬೇಕೆಂದುಕೊಂಡೇ ಓದತೊಡಗಿದೆ.

"ನಾನು ಜವಾನನಾಗಿದ್ದಾಗ ಗಂಗಾವತಿಗೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದೆ. ಅದು ಗುಮಾಸ್ತರ ಟೇಬಲ್ಲಿನ ಮೇಲೆ ಇತ್ತು. ಆ ಟೇಬಲ್ಲಿನ ಧೂಳು ಹೊಡೆಯುವುದು ನನ್ನ ಕೆಲಸ. ದಿನಾ ನನ್ನ ಅರ್ಜಿ ಎತ್ತಿ, ಅದರ ಕೆಳಗಿನ ಧೂಳು ಒರೆಸಿ, ಇದ್ದಲ್ಲೇ ಇಡುತ್ತಿದ್ದೆ. ಒಂದು ದಿನ ಮೇಲೆ ಕಾಣುವಂತೆ ಇಟ್ಟೆ. ಮರುದಿನ ಅದು ಎಲ್ಲದರ ಕೆಳಗಿತ್ತು. ಕೇಳಲು ಧೈರ್ಯ ಸಾಲಲಿಲ್ಲ. ನನ್ನ ಹೆಂಡತಿ ಊರಲ್ಲಿ ನನ್ನ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ವಿಳಂಬಕ್ಕೆ ಪುಸ್ತಕದಲ್ಲಿ ಹನ್ನೆರಡು ಕಾರಣ ಕೊಟ್ಟಿದ್ದಾರೆ. ನನ್ನ ಅರ್ಜಿಗೆ ಅವುಗಳಲ್ಲಿ ಯಾವುದು ಎಂದು ನನಗೆ ಇನ್ನೂ ತಿಳಿದಿಲ್ಲ."

ಮುಂದಿನ ಪುಟ ಓದಲು ನನಗಾಗಲಿಲ್ಲ.

"ಅರ್ಜಿ ಕೊಟ್ಟಿದ್ರೇನು?" ಅತ್ತೆಯ ಧ್ವನಿ ಸಣ್ಣಗಾಗಿತ್ತು.

"ಮೂರು ಸಲ."

"ನನಗ ಒಂದ ಮಾತು ಹೇಳಲಿಲ್ಲಲ್ರಿ!"

"ಆರ್ಡರ್ ಬಂದ ಮ್ಯಾಲೆ ಹೇಳಿದ್ರಾತು ಅಂತ ಸುಮ್ನಿದ್ದೆ," ಮಾವ ನೆಲ ನೋಡುತ್ತಾ ಹೇಳಿದರು. "ಬರಲಿಲ್ಲ."

ಅತ್ತೆ ನನ್ನ ಕೈಯಿಂದ ಆ ಹಾಳೆಗಳನ್ನು ತೆಗೆದುಕೊಂಡರು. ಅವರಿಗೆ ಅಷ್ಟಾಗಿ ಓದಲು ಬರುವುದಿಲ್ಲ. ಆದರೂ ಒಂದೊಂದೇ ಪುಟ ತಿರುವಿ, ಅಂಚಿನಲ್ಲಿ ಮೌಲ್ಯಮಾಪಕರು ಎಳೆದಿದ್ದ ಗೀಟಿನ ಮೇಲೆ ಬೆರಳಿಟ್ಟರು.

"ಇದಕ್ಕ ಎಷ್ಟು ಮಾರ್ಕ್ಸ್ ಕೊಟ್ಟಾರವಾ?"

"ಎರಡು, ಅತ್ತಿ."

"ಎಷ್ಟಕ್ಕ?"

"ಇಪ್ಪತ್ತಕ್ಕ."

ಅತ್ತೆ ಹಾಳೆಗಳ ಅಂಚು ಕೂಡಿಸಿ ಮಡಚಿದರು. ಆಮೇಲೆ ಮಾವನ ಮಗ್ಗುಲಿಗೆ ಹೋಗಿ ಕುಳಿತು, "ಭಾಳ ಕಮ್ಮಿ ಕೊಟ್ಟಾರ," ಎಂದರು.