ಹೊಳೆದಾಸವಾಳಕ್ಕೊಂದು ಎಲ್‌ಸಿ

ನಮ್ಮ ಮಾವನವರಷ್ಟು ಮರ ಕಡಿದವರು ಹುಣಸೂರು ತಾಲ್ಲೂಕಿನಲ್ಲಿ ಇನ್ನೊಬ್ಬರು ಇರಲಾರರು. ಒಂದೇ ಒಂದು ಕೊಂಬೆ ಕಡಿಯಲು ಅವರಷ್ಟು ಒದ್ದಾಡಿದವರೂ ಇರಲಾರರು!

ಆ ಬುಧವಾರ ಬೆಳಿಗ್ಗೆ ಅವರು ಅಂಗಳದ ಹೊಳೆದಾಸವಾಳದ ಕೆಳಗೆ ಕತ್ತೆತ್ತಿ ನಿಂತಿದ್ದರು. ಅತ್ತೆ ನಾಮಕರಣಕ್ಕೆಂದು ತವರೂರು ಮಿರ್ಲೆಗೆ ಹೊರಟು, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ನಾನು ನಾಳೆ ಬರೋಗಂಟ ಆ ಮರದ ತಾವ ಓಗಬ್ಯಾಡಿ.”

“ಓಗಕಿಲ್ಲ.”

“ಮತ್ತೆ ಈಗೆಲ್ಲಿ ನಿಂತಿದ್ದೀರಿ?”

“ನೆರಳಲ್ಲಿ.”

ಬೆಳಿಗ್ಗೆ ಏಳೂವರೆಗೆ ಯಾವ ನೆರಳೋ! ಅತ್ತೆ ನನ್ನ ಕಡೆ ತಿರುಗಿ, “ನೋಡ್ಕೋ ಕಣವ್ವ” ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದರು. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಹೀಗೆ ಶುರುವಾಯಿತು. ಒಲೆಯ ಮೇಲೆ ಉಪ್ಪಿಟ್ಟು ಸೀಯುತ್ತಿತ್ತು.

ಮಾವ ಲೈನ್‌ಮನ್ ಆಗಿದ್ದವರು. ಗಾವಡಗೆರೆ ಕಡೆ ಮೂವತ್ತು ವರ್ಷ ಕಂಬ ಹತ್ತಿದ್ದಾರೆ. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಕೊಂಬೆಗಳನ್ನು ಕತ್ತರಿಸುವುದು ಅವರ ಕೆಲಸ. ಹೊಂಗೆ, ಬೇವು, ಗುಲ್‌ಮೊಹರ್, ಯಾವುದನ್ನೂ ಬಿಟ್ಟವರಲ್ಲ. “ಲೈನ್‌ಮನ್ ಸಾಹೇಬ್ರು ಬಂದ್ರೆ ಮರಗಳೇ ಹಿಂದಕ್ ಸರೀತಾವೆ” ಎಂದು ಪಕ್ಕದ ಮನೆಯ ಬಡಗಿ ಭಾಯಿ ಹೇಳುತ್ತಿದ್ದರು. ಇಂಥವರು ತಮ್ಮ ಅಂಗಳದಲ್ಲಿ ದೇವಗಣಗಿಲೆ ಬೆಳೆಸಿದರು, ಮಂದಾರ ಬೆಳೆಸಿದರು. ಹೊಳೆದಾಸವಾಳವನ್ನು ಎಲ್ಲಿ ನೆಟ್ಟರು ಗೊತ್ತೇ? ಕಂಬದಿಂದ ಮನೆಗೆ ಬರುವ ವೈರಿನ ಸರಿಯಾಗಿ ಕೆಳಗೆ! ಊರಿಗೆಲ್ಲ ಬುದ್ಧಿ ಹೇಳಿದ ಲೈನ್‌ಮನ್, ತನ್ನ ವೈರಿನ ಕೆಳಗೇ ಮರ ನೆಟ್ಟ! ಕೇಳಿದರೆ, “ನೆಡುವಾಗ ಮೊಳದಷ್ಟಿತ್ತು ಕಣವ್ವ, ಇಷ್ಟು ಮೇಲಕ್ ಬತ್ತದೆ ಅಂತ ಅದು ಯೋಳ್ಲಿಲ್ಲ” ಎನ್ನುತ್ತಿದ್ದರು.

ಬೇಸಿಗೆ ಬಂದರೆ ಆ ಮರ ಇಡೀ ಅಂಗಳವನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತಿತ್ತು. ಹೊಸ ಚಿಗುರಿನ ತುದಿಯಲ್ಲೇ ಅದರ ಹೂವು. ಹಾಗಾಗಿ ಶಿವರಾತ್ರಿಯ ಆಸುಪಾಸಿನಲ್ಲಿ ಕತ್ತರಿಸಿದರೆ ಚಿಗುರೂ ಬರುತ್ತದೆ, ಹೂವೂ ಬರುತ್ತದೆ. ತಡಮಾಡಿದರೆ ಎರಡೂ ಇಲ್ಲ. ಪಡುವಣ ದಿಕ್ಕಿನ ಕೊಂಬೆಗಳನ್ನು ಮಾತ್ರ ಮುಟ್ಟಬಾರದು. ಅವು ಹೋದರೆ ಸಂಜೆಯ ಬಿಸಿಲಿಗೆ ಕಾಂಡದ ಸಿಪ್ಪೆ ಸುಡುತ್ತದೆ. ಇದನ್ನೆಲ್ಲ ಮಾವ ನನಗೆ ತರಕಾರಿ ಹೆಚ್ಚುವಾಗ ಹೇಳಿಕೊಟ್ಟರು. ಪ್ರತಿ ವರ್ಷ ತಾವೇ ಹತ್ತಿ, ವೈರಿನ ಕಡೆಗೆ ಹೋದ ಕೊಂಬೆಯೊಂದನ್ನೇ ತೆಗೆಯುತ್ತಿದ್ದರು. ಆಮೇಲೆ ಇಲಾಖೆಯ ಹುಡುಗರು ಜೀಪಿನಲ್ಲಿ ಬಂದರೂ ಅವರಿಗೆ ಕೆಲಸವಿರುತ್ತಿರಲಿಲ್ಲ. ತೆಗೆಯದೆ ಬಿಟ್ಟರೆ? ಆ ಹುಡುಗರು ಮರದ ತಲೆಯನ್ನೇ ಹಾರಿಸುತ್ತಿದ್ದರು. ಮಾವನಿಗೆ ಅದು ಚೆನ್ನಾಗಿ ಗೊತ್ತು. ಅವರಿಗೆ ಕಲಿಸಿದವರೇ ಮಾವ!

ಎಲ್ಲ ಸರಿಯಾಗಿಯೇ ಇತ್ತು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾವನಿಗೆ ಎರಡು ಸಲ ತಲೆಸುತ್ತು ಬಂತು. ಮೈಸೂರಿನ ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿ, “ಯಜಮಾನರೇ, ಇನ್ನು ಮಂಚ ಹತ್ತುವಾಗಲೂ ನಿಧಾನ” ಎಂದರು. ಮಾವ ತಕ್ಷಣ ಕೇಳಿದರು: “ಏಣಿ?”

ಅಲ್ಲಿಂದ ಶುರುವಾಯಿತು ನಮ್ಮ ಕಾವಲು. ಮೊದಲು ಏಣಿಯನ್ನು ಭಾಯಿಯ ಮನೆಯ ಹಿತ್ತಲಿಗೆ ಸಾಗಿಸಿದೆವು. ಮೂರನೆಯ ದಿನ ನೋಡಿದರೆ ಮಾವ ಊಟದ ಮೇಜಿನ ಮೇಲೆ ಸ್ಟೂಲಿಟ್ಟು, ಸ್ಟೂಲಿನ ಮೇಲೆ ಒಂದು ಕಾಲಿಟ್ಟಿದ್ದಾರೆ! ನಾನು ಕಿರುಚಿಕೊಂಡೆ. “ಎತ್ತರ ನೋಡ್ತಿದ್ದೆ ಕಣವ್ವ” ಎಂದು ಇಳಿದರು. ಮರುದಿನ ಭಾಯಿ ಬಂದು ಬಾಗಿಲಲ್ಲಿ ಅಪರಾಧಿಯಂತೆ ನಿಂತರು. “ಅಮ್ಮಾ, ಸಾಹೇಬ್ರು ಹೊಸ ಏಣಿ ಮಾಡ್ಕೊಡು ಅಂತಾರೆ. ಹಳೇದು ನಮ್ಮನೇಲೇ ಐತೆ ಅಂತ ಹೇಳಕ್ಕಾಗಲ್ಲ, ಮಾಡಲ್ಲ ಅನ್ನಕ್ಕೂ ಆಗಲ್ಲ. ನಾನೇನ್ ಮಾಡ್ಲಿ?”

ನನ್ನ ಯಜಮಾನರೇ ಒಂದು ಭಾನುವಾರ ಮರ ಹತ್ತಿದರು. ಮಾವ ಕೆಳಗೆ ಕೋಲು ಹಿಡಿದು ನಿಂತರು. “ಮೊದ್ಲು ಕೆಳಗಿಂದ ಅರ್ಧ ಕುಯ್ಯಿ. ಆಮೇಲ್ ಮೇಲಿಂದ. ಇಲ್ದಿದ್ರೆ ಸಿಪ್ಪೆ ಸೀಳ್ಕಂಡ್ ಬತ್ತದೆ. ಲೇ, ಕೆಳಗಿಂದ ಅಂದ್ರೆ ಕೆಳಗಿಂದ!” ಯಜಮಾನರು ಕೆಳಗೆ ಯಾವುದು ಮೇಲೆ ಯಾವುದು ಎಂದು ಯೋಚಿಸುವಷ್ಟರಲ್ಲಿ ಒಂದು ಚಿಕ್ಕ ಕೊಂಬೆ ಮುರಿದು, ಜೊತೆಗೆ ಗೇಣುದ್ದ ಸಿಪ್ಪೆಯನ್ನೂ ಕಿತ್ತುಕೊಂಡು ಬಂತು. ವೈರಿನ ಕೊಂಬೆ ಇದ್ದಲ್ಲೇ ಇತ್ತು. ಮಾವ ಸಗಣಿಗೆ ಕೆಮ್ಮಣ್ಣು ಕಲಸಿ ಗಾಯಕ್ಕೆ ಮೆತ್ತಿದರು. ಮಗನ ಜೊತೆ ಎಂಟು ದಿನ ಮಾತಾಡಲಿಲ್ಲ.

ಕೊನೆಗೆ ಅವರನ್ನು ಕಟ್ಟಿಹಾಕಿದ್ದು ಅತ್ತೆ. ಅದೂ ಅವರದೇ ಹಗ್ಗದಿಂದ!

ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಕರೆಂಟಿನ ಸ್ಟೇಷನ್ನಿನಿಂದ ‘ಎಲ್‌ಸಿ’ ತೆಗೆದುಕೊಳ್ಳಬೇಕು. ಅಂದರೆ ಲೈನ್ ಕ್ಲಿಯರ್. ಕರೆಂಟು ತೆಗೆದಿದ್ದೇವೆ, ನೀನು ಹತ್ತು ಎಂಬ ಮಾತು. ಕೆಲಸ ಮುಗಿದ ಮೇಲೆ, ತೆಗೆದುಕೊಂಡವನೇ ಇಳಿದು ಬಂದು ಅದನ್ನು ವಾಪಸ್ ಕೊಡಬೇಕು. ಅವನ ಪರವಾಗಿ ಇನ್ನೊಬ್ಬರು ಕೊಡುವಂತಿಲ್ಲ. ಎಲ್‌ಸಿ ಇಲ್ಲದೆ ಮಾವ ಜೀವನದಲ್ಲಿ ಒಂದು ಕಂಬ ಹತ್ತಿದವರಲ್ಲ. ಮನೆಯ ಮರಕ್ಕೂ ಅದೇ ನಿಯಮ. ಮನೆಯಲ್ಲಿ ಸ್ಟೇಷನ್ ಎಂದರೆ ಅತ್ತೆ. ಅತ್ತೆ ಮೇನ್ ಸ್ವಿಚ್ ಆಫ್ ಮಾಡಿ, “ಎಲ್ಸಿ ಕೊಟ್ಟಿವ್ನಿ, ಮರ ಅತ್ತಿ!” ಎಂದು ಕೂಗಬೇಕು. ಮೇನ್ ಆಫ್ ಮಾಡಿದರೆ ಹೊರಗಿನ ವೈರಿನ ಕರೆಂಟೇನೂ ಹೋಗುವುದಿಲ್ಲ! ಅದು ಮಾವನಿಗೆ ಗೊತ್ತಿಲ್ಲವೇ? ವೈರಿನಿಂದ ಮಾರು ದೂರದಲ್ಲೇ ಕುಯ್ದು, ಕೊಂಬೆಯನ್ನು ಹಗ್ಗದಲ್ಲಿ ಇಳಿಸುತ್ತಿದ್ದರು. ಆದರೂ ಎಲ್‌ಸಿ ಎಂದರೆ ಎಲ್‌ಸಿ. ಒಮ್ಮೆ ಮನೆ ತುಂಬ ನೆಂಟರಿದ್ದಾಗ ಇವರು ಎಲ್‌ಸಿ ತೆಗೆದುಕೊಂಡು ಎರಡು ಗಂಟೆ ಕೊಂಬೆಯ ಮೇಲೆ ಕುಳಿತರು. ಗ್ರೈಂಡರಿನಲ್ಲಿ ಇಡ್ಲಿ ಹಿಟ್ಟು ಅರ್ಧಕ್ಕೇ ನಿಂತಿತು. ನೆಂಟರು ಅವಲಕ್ಕಿ ತಿಂದು ಹೋದರು.

ಆ ಸ್ಟೂಲಿನ ಪ್ರಸಂಗವಾದ ವಾರಕ್ಕೆ ಭಾಯಿ ತಡೆಯಲಾಗದೆ ಹಳೆಯ ಏಣಿಯನ್ನೇ ವಾಪಸ್ ತಂದುಕೊಟ್ಟರು. ಮಾವ ಅದನ್ನು ಮರಕ್ಕೆ ಒರಗಿಸಿ, ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿ, “ಎಲ್ಸಿ ಕೊಡೇ!” ಎಂದು ಕೂಗಿದರು.

ಅತ್ತೆ ಅಡುಗೆಮನೆಯಿಂದಲೇ ಹೇಳಿದರು: “ಕೊಡಕಿಲ್ಲ.”

ಅಷ್ಟೇ! ಮೊದಲ ಮೆಟ್ಟಿಲ ಮೇಲಿಟ್ಟ ಕಾಲನ್ನು ಮಾವ ಕೆಳಗಿಟ್ಟರು. ನಾವು ಏಣಿ ಬಚ್ಚಿಟ್ಟಿದ್ದು, ಹಗಲೆಲ್ಲ ಕಾವಲು ಕಾದಿದ್ದು, ಯಾವುದೂ ಬೇಕಾಗಿರಲಿಲ್ಲ. ಅಂದಿನಿಂದ ಅವರು ದಿನಾ ಬೆಳಿಗ್ಗೆ ಅರ್ಜಿ ಹಾಕುವುದು, ಅತ್ತೆ ದಿನಾ ತಿರಸ್ಕರಿಸುವುದು.

ಈಗ ಆ ಬುಧವಾರಕ್ಕೆ ಬರುತ್ತೇನೆ. ಉಪ್ಪಿಟ್ಟು ತಿನ್ನುವಾಗ ಮಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದರು. “ನಾಳೆ ಜೀಪು ನಮ್ಮ ಬೀದಿಗೆ ಬತ್ತದಂತೆ.”

ನಾನು ಅವರ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದೆ.

“ಒಂದು ಕೊಂಬೆ ಕಣವ್ವ. ನಾನ್ ತೆಗುದ್ರೆ ಒಂದು ಕೊಂಬೆ. ಅವ್ರು ಬಂದ್ರೆ ಮರನೇ ಇಲ್ಲ.”

“ಅತ್ತೆ ಬೈತಾರೆ ಮಾವ.”

“ಅವಳು ಊರಲ್ಲಿಲ್ಲ. ಸ್ಟೇಷನ್‌ನಾಗೆ ಈಗ ಯಾರವ್ರೆ?”

ನಾನಿದ್ದೆ. ಮದುವೆಯಾಗಿ ಬಂದ ಆರು ವರ್ಷಗಳಲ್ಲಿ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ. ಒಂದು ಲೋಟ ನೀರನ್ನೂ ತಾವೇ ಬಗ್ಗಿಸಿಕೊಳ್ಳುತ್ತಿದ್ದರು. ನಾನು ತುಂಬಾ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಅವರು ಏಣಿಯ ಪಕ್ಕದಲ್ಲಿ ನಿಂತು ಕಾದರು. ಒತ್ತಾಯ ಮಾಡಲಿಲ್ಲ. ಆಮೇಲೆ ನಾನು ಒಳಗೆ ಹೋಗಿ ಮೇನ್ ಆಫ್ ಮಾಡಿದೆ.

“ಎಲ್‌ಸಿ ಕೊಟ್ಟಿದ್ದೀನಿ ಮಾವ. ಹತ್ತಿ.”

ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಂದೊಂದು ಮೆಟ್ಟಿಲಿಗೂ ಅವರು ನಿಂತು ಉಸಿರು ತೆಗೆದುಕೊಂಡರು. ಆರನೆಯ ಮೆಟ್ಟಿಲಲ್ಲಿ ಎಡಗಾಲು ನಡುಗಿತು. “ಮಾವ, ಇಳೀರಿ” ಎಂದೆ. ಅವರು ಇನ್ನೂ ಎರಡು ಮೆಟ್ಟಿಲು ಹತ್ತಿದರು. ಕವೆಯ ಮೇಲೆ ಕುಳಿತು ಕೊಂಬೆಗೆ ಹಗ್ಗ ಬಿಗಿದರು. ಕೆಳಗಿನಿಂದ ಗರಗಸ ಆಡಿಸತೊಡಗಿದರು. ಹೊಟ್ಟು ನನ್ನ ತಲೆಯ ಮೇಲೆ ಉದುರುತ್ತಿತ್ತು. ನಡುವೆ ಗರಗಸದ ಸದ್ದು ನಿಂತಿತು. ನಾನು ಮೇಲೆ ನೋಡಲಿಲ್ಲ. ಧೈರ್ಯ ಬರಲಿಲ್ಲ. ಎಷ್ಟು ಹೊತ್ತು ಹಾಗೆ ಕಳೆಯಿತೋ, ಭಾಯಿಯ ಮನೆಯ ಕೋಳಿಗಳ ಸದ್ದು ಮಾತ್ರ ಕೇಳುತ್ತಿತ್ತು.

“ಮಾವ?”

“ಇವ್ನಿ ಕಣವ್ವ. ಬೆವರು ಒರುಸ್ಕೊತಿದ್ದೆ.”

ಮತ್ತೆ ಸದ್ದು ಶುರುವಾಯಿತು, ಈ ಸಲ ಮೇಲಿನಿಂದ. ಕೊಂಬೆ ಕಳಚಿ, ಹಗ್ಗದಲ್ಲಿ ತೂಗಾಡುತ್ತಾ, ವೈರಿಗೆ ತಾಗದೆ, ನಿಧಾನವಾಗಿ ನೆಲಕ್ಕೆ ಬಂತು. ಸಿಪ್ಪೆ ಒಂದಿಷ್ಟೂ ಸೀಳಿರಲಿಲ್ಲ. ಮಾವ ಇಳಿದರು. ಎರಡೂ ಕಾಲು ನೆಲದ ಮೇಲಿಟ್ಟು, ಶರ್ಟು ಸರಿಮಾಡಿಕೊಂಡು, ನೆಟ್ಟಗೆ ನಿಂತು ಹೇಳಿದರು:

“ಎಲ್‌ಸಿ ವಾಪಸ್ ಕಣವ್ವ. ಲೈನ್ ಬುಡಬೌದು.”

ನಾನು ನಕ್ಕೆ. ನನ್ನ ಕೈ ಇನ್ನೂ ಏಣಿ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕುಳಿತಿದ್ದ ಮಾವ, ನಾನು ಕಾಫಿ ತರುವಷ್ಟರಲ್ಲಿ ಕುಳಿತಲ್ಲೇ ಜೀವ ಬಿಟ್ಟಿದ್ದರು. ಮರದ ಮೇಲಲ್ಲ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ.

ಹತ್ತು ಗಂಟೆಗೆ ಹೇಳಿದಂತೆ ಜೀಪು ಬಂತು. ಹುಡುಗರು ಗರಗಸ ಹಿಡಿದು ಇಳಿದವರು ಜಗಲಿ ನೋಡಿ ನಿಂತುಬಿಟ್ಟರು. ಒಬ್ಬ ಮರದ ಮೇಲಿನ ಗಾಯವನ್ನು ನೋಡಿ, “ಗುರುಗಳೇ ಕುಯ್ದಿರೋದು” ಎಂದ. ಅವರೇ ಮರದ ಕೆಳಗೆ ಶಾಮಿಯಾನ ಕಟ್ಟಿದರು. ಮರ ಹತ್ತಿದ್ದಕ್ಕೇ ಹೀಗಾಯಿತೇ ಎಂದು ನಾನು ಡಾಕ್ಟರನ್ನು ಕೇಳಿದೆ. “ಹೇಳಕ್ಕೆ ಬರಲ್ಲಮ್ಮ” ಎಂದರು. ಇಲ್ಲ ಎನ್ನಬಾರದಿತ್ತೇ!

ಹನ್ನೊಂದು ದಿನ ಅತ್ತೆ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೋದ ಸಂಜೆ ಅತ್ತೆ ಅಂಗಳಕ್ಕೆ ಬಂದು ಕತ್ತೆತ್ತಿ ನೋಡಿದರು.

“ಎಲ್ಸಿ ಯಾರ್ ಕೊಟ್ರವ್ವ?”

“ನಾನೇ ಅತ್ತೆ.”

ಅವರು ಬೈಯಲಿ ಎಂದು ಕಾದೆ. ಮನಸಾರೆ ಬೈಯಲಿ ಎಂದು ಕಾದೆ.

“ಇಳಿದು ಬಂದು ವಾಪಸ್ ಕೊಟ್ರಾ?”

“ಕೊಟ್ಟರು.”

“ಅವ್ರೇ ಕೊಟ್ರಾ?”

“ಅವರೇ ಕೊಟ್ಟರು ಅತ್ತೆ. ನಿಂತುಕೊಂಡು ಕೊಟ್ಟರು.”

“ಅಂಗಾದ್ರೆ ಸರಿ ಬುಡು” ಎಂದು ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು. ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತು ಅತ್ತೆವು.

ಆ ಬೇಸಿಗೆಯಲ್ಲಿ ಮರ ಹೂ ಬಿಟ್ಟಿತು. ಜನ ಬೀದಿಯಲ್ಲಿ ನಿಂತು ನೋಡಿ ಹೋದರು. ಅತ್ತೆ ಈಗಲೂ ನಸುಕಿಗೆ ಏಳುತ್ತಾರೆ, ಅಡುಗೆಗೆ ಕೈ ಹಾಕುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಯಾರಿಗೂ ಯಾವುದಕ್ಕೂ ಬೇಡ ಎನ್ನುವುದಿಲ್ಲ. ನಮ್ಮ ಮನೆಯಲ್ಲಿ ಈಗ ಜಗಳವಿಲ್ಲ.