ವಿರೂಪಾಕ್ಷನ ಸೀಟಿ, ಪಾರ್ವತೆವ್ವನ ಡಬ್ಬಿ

ಎಲ್ಲಕ್ಕೂ ಕಾರಣ ಹುಬ್ಬಳ್ಳಿಯಿಂದ ವಿಮಾನವೇರಿ ಬಂದ ಇಪ್ಪತ್ತು ಶೇಂಗಾ ಹೋಳಿಗೆ.

"ಅಳಿಯಂದ್ರ, ಇವತ್ತ ಪರೀಕ್ಷಾ ಪಾಸಾಗ್ರಿ, ಡಬ್ಬಿ ಪೂರ್ತಿ ನಿಮಗ," ಎಂದು ಅತ್ತೆ ಪಾರ್ವತೆವ್ವ ಬೆಳಿಗ್ಗೆಯೇ ಘೋಷಿಸಿದ್ದರು.

ಆಮ್ಸ್ಟೆಲ್‌ವೀನಿನ ವಿರೂಪಾಕ್ಷನ ಐಸ್ ಹಾಕಿ ಚರಿತ್ರೆ ಸಾಮಾನ್ಯದ್ದಲ್ಲ. ಆಟಗಾರನಾಗಿ ಅವನು ಬಿದ್ದ ರಭಸಕ್ಕೇ ಅರ್ಧ ನೆದರ್‌ಲ್ಯಾಂಡ್ಸ್ ಸಮುದ್ರಮಟ್ಟಕ್ಕಿಂತ ಕೆಳಗಿಳಿದದ್ದು! ಕೋಚ್ ಆದಾಗ ಶಿಷ್ಯರೂ ಗುರುವಿನಂತೆಯೇ ಸಾಲಾಗಿ ಬಿದ್ದರು. ಇನ್ನು ಉಳಿದದ್ದು ರೆಫರಿ ಕೆಲಸ. ಇಂದು ಅದರ ಪರೀಕ್ಷೆ. ಪರೀಕ್ಷಕ ಹೆಂಡ್ರಿಕ್ ನೋಟ್‌ಬುಕ್ ಹಿಡಿದು ಅಂಚಿನಲ್ಲಿ ನಿಂತಿದ್ದ. ಆಟಗಾರರ ಒಂದೇ ಒಂದು ತಪ್ಪನ್ನು ಕಾಣದೆ ಬಿಟ್ಟರೂ ಫೇಲ್.

ಆಟ ಶುರುವಾದದ್ದೇ ತಡ, ಕೌಶಲ್ ಎಂಬ ಆಟಗಾರ ಕೋಲು ಅಡ್ಡ ಹಾಕಿ ಎದುರಾಳಿಯನ್ನು ಕೆಡವಿದ. ವಿರೂಪಾಕ್ಷ ಸೀಟಿ ಊದಿದ. "ಎರಡು ನಿಮಿಷ ಹೊರಗೆ!"

ಕೌಶಲ್ ಮುಖ ಸಪ್ಪೆ ಮಾಡಿಕೊಂಡು ಶಿಕ್ಷೆಯ ಬೆಂಚಿನಲ್ಲಿ ಕುಳಿತ. ಪಕ್ಕದಲ್ಲೇ ಡಬ್ಬಿ ಹಿಡಿದು ಕುಳಿತಿದ್ದ ಪಾರ್ವತೆವ್ವನಿಗೆ ತಡೆಯಲಾಗಲಿಲ್ಲ.

"ಕುಂಡ್ರಿಸಿ ಬರೇ ಬಾಯಿಲೆ ಕಳಸ್ತಾರೇನ? ತಗೋ ತಮ್ಮಾ ಹೋಳಿಗಿ, ತುಪ್ಪ ಹಚ್ಚೇನಿ."

"ಆಂಟಿ, ಸೂಪರ್!" ಎಂದು ಕೌಶಲ್ ಕೂಗಿದ್ದೇ ಕೂಗಿದ್ದು. ಆರಡಿ ಡಚ್ಚನೊಬ್ಬ ತನ್ನ ತಂಡದವನನ್ನೇ ತಳ್ಳಿ, ಸೀಟಿಗೂ ಕಾಯದೆ ಬೆಂಚಿಗೆ ಜಾರಿದ. "ಲೆಕ್ಕರ್! ಲೆಕ್ಕರ್!" ಎಂದು ಡಚ್ಚಿನಲ್ಲಿ ರುಚಿ ಹೊಗಳುತ್ತ ಬೆರಳು ನೆಕ್ಕಿದ. ಗೋಲ್‌ಕೀಪರ್ ಯಾರ ಮೇಲೂ ಸಿಟ್ಟಿಲ್ಲದೆ ಕೋಲು ಬಿಸಾಡಿದ. ಬದಲಿ ಆಟಗಾರರು ಅಂಕಣಕ್ಕೆ ಇಳಿದದ್ದೇ ತಪ್ಪು ಮಾಡುವುದಕ್ಕೆ.

"ಅತ್ತೀ, ಕೊಡಬ್ಯಾಡ್ರಿ!"

"ನೀವ ಕುಂಡ್ರಿಸಿ, ನೀವ ಬ್ಯಾಡಂದ್ರ ಹೆಂಗ್ರಿ?"

ಊದಿದರೆ ಹೋಳಿಗೆ ಹೋಗುತ್ತದೆ, ಊದದಿದ್ದರೆ ಪರೀಕ್ಷೆ ಹೋಗುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡು ವಿರೂಪಾಕ್ಷ ಊದಿದ, ಊದಿದ, ದೂರದ ಗ್ರೋನಿಂಗನ್ನಿನ ಹಸುಗಳು ಬೆಚ್ಚುವಂತೆ ಊದಿದ. ಕೊನೆಗೆ ಮಂಜುಗಡ್ಡೆಯ ಮೇಲೆ ಉಳಿದದ್ದು ಅವನೊಬ್ಬನೇ.

ಹೆಂಡ್ರಿಕ್ ಓಡಿ ಬಂದು ಕೈಕುಲುಕಿದ. "ಮೂವತ್ತು ವರ್ಷದಲ್ಲಿ ಇಂಥ ರೆಫರಿಯನ್ನು ನೋಡಿಲ್ಲ. ಒಂದು ತಪ್ಪೂ ನಿಮ್ಮ ಕಣ್ಣು ತಪ್ಪಿಸಲಿಲ್ಲ!"

ಅಲ್ಲೇ ಲೈಸೆನ್ಸ್ ಕೈಗೆ ಬಂತು. ಎರಡೂ ತಂಡದವರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ರಾಜನಿಗೂ ಅಂಥ ಮೆರವಣಿಗೆ ಆಗಿರಲಿಕ್ಕಿಲ್ಲ. ಮೇಲಿನಿಂದಲೇ ವಿರೂಪಾಕ್ಷ ಕೂಗಿದ, "ಅತ್ತೀ, ಪಾಸಾದ್ನಿ! ಡಬ್ಬಿ ಎಲ್ಲಿ?"

"ನಿಮಗಂತ ಒಂದು ಮುಚ್ಚಿಟ್ಟಿದ್ದೆ ನೋಡ್ರಿ. ಆದ್ರ ಪಾಪ, ಆ ಪುಸ್ತಕ ಹಿಡದ ಸಾಹೇಬ್ರು ಮುಂಜಾನಿಂದ ನಿಂತ ಇದ್ರು. ನಾನ ಕರದು ಕುಂಡ್ರಿಸಿದೆ."

ವಿರೂಪಾಕ್ಷ ಲೈಸೆನ್ಸನ್ನು ಮೂಗಿಗೆ ಹಿಡಿದ. ಸಹಿಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಅಗಲಕ್ಕೆ ತುಪ್ಪ ಘಮಘಮಿಸುತ್ತಿತ್ತು.