ಬಾಯ್ಲರಣ್ಣನ ಮೂಗುದಾರ

ಎಲ್ಲ ತಾಪತ್ರಯಕ್ಕೂ ಕಾರಣ ಎರಡು ರಬ್ಬರ್ ಮೂತಿಗಳು. ಒಂದೊಂದೂ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಒಂದು ಎಡ ಹೊಳ್ಳೆಗೆ, ಒಂದು ಬಲ ಹೊಳ್ಳೆಗೆ. ಅವುಗಳ ಹಿಂದೆ ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಸ್ಟೂಲಿನ ಮೇಲೆ ಕೂತು ಗಾಳಿ ಊದುವ ಪುಟ್ಟ ಯಂತ್ರ. ಡಾಕ್ಟರು ಅದನ್ನು ಸಿಪ್ಯಾಪ್ ಅಂದಿದ್ದರು. ತಲೆಗೆ ಪಟ್ಟಿ ಬಿಗಿದು, ಮೂತಿಗಳನ್ನು ಮೂಗಿಗೆ ಸಿಕ್ಕಿಸಿಕೊಂಡು ಮಲಗಿದರೆ ನಿದ್ದೆಯಲ್ಲಿ ಉಸಿರು ಕಟ್ಟುವುದಿಲ್ಲ, ಗೊರಕೆಯೂ ಬರುವುದಿಲ್ಲ ಎಂದಿದ್ದರು. ಆ ಮೂತಿಗಳು ಮೂಗಿನಲ್ಲೇ ಇರುವ ಹಾಗೆ ಮಾಡುವುದು ಹೇಗೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅವರಿಗೇನು, ಅದು ಅವರ ಮೂಗಲ್ಲವಲ್ಲ.

ಮೂಗು ಬಾಯ್ಲರಣ್ಣನದು. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ರಾತ್ರಿ ಪಾಳಿಯಲ್ಲಿ ಬಾಯ್ಲರ್ ಕಾಯುವವನು. ಕುರ್ಚಿಯಲ್ಲಿ ಕೂತು ನೀರಿನ ಮಟ್ಟವನ್ನೂ ಒತ್ತಡದ ಮುಳ್ಳನ್ನೂ ನೋಡುತ್ತಿರುವುದು ಅವನ ಕೆಲಸ. ಹೋದ ತಿಂಗಳು ಒಂದು ದಿನ ನೀರು ಇಳಿದು ಅಪಾಯದ ಗಂಟೆ ಬಡಿದುಕೊಂಡಾಗ ಬದುಕಿದರೆ ಸಾಕು ಅಂತ ನೂರಿಪ್ಪತ್ತು ಜನ ಬೀದಿಗೆ ಓಡಿದ್ದರು. ಬಾಯ್ಲರಣ್ಣ ಒಬ್ಬನೇ ಓಡಲಿಲ್ಲ. ಎಷ್ಟು ಧೈರ್ಯ ಎಂದುಕೊಂಡು ಒಳಗೆ ಬಂದು ನೋಡಿದರೆ ಆಸಾಮಿ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ.

ಕೆಲಸ ಹೋಗಲೇಬೇಕಿತ್ತು. ಇದು ಸೋಮಾರಿತನವಲ್ಲ, ಕಾಯಿಲೆ ಎಂದು ಡಾಕ್ಟರು ಬರೆದುಕೊಟ್ಟದ್ದರಿಂದ ಉಳಿಯಿತು. ಕಾಯಿಲೆಯವರನ್ನು ತೆಗೆದುಹಾಕುವ ಹಾಗಿಲ್ಲವಂತೆ. ಮ್ಯಾನೇಜರು ಅವನನ್ನು ಒದ್ದೆ ಬಟ್ಟೆಯ ಟ್ರಾಲಿ ತಳ್ಳಲು ಹಾಕಿ, ಒಂದು ವಾರದ ಗಡುವು ಕೊಟ್ಟರು. ಯಂತ್ರದ ಪರದೆಯಲ್ಲಿ ಒಂದೇ ಒಂದು ಸಲವಾದರೂ ಸತತ ನಾಲ್ಕು ಗಂಟೆ ಮಾಸ್ಕ್ ಹಾಕಿದ್ದು ಕಾಣಬೇಕು. ಕಂಡರೆ ಕುರ್ಚಿ ಅವನದು, ಇಲ್ಲದಿದ್ದರೆ ಬೇರೆಯವರದು. ಐವತ್ತೆರಡರ ವಯಸ್ಸಿನಲ್ಲಿ ಟ್ರಾಲಿ ತಳ್ಳಿ ತಳ್ಳಿ ಬಾಯ್ಲರಣ್ಣನ ಸೊಂಟ ಆರೇ ದಿನಕ್ಕೆ ಬಿದ್ದುಹೋಗಿತ್ತು. ಆ ಕುರ್ಚಿ ನೆನೆಸಿಕೊಂಡರೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

ಇವತ್ತು ಏಳನೆಯ ದಿನ. ಸಂಜೆ ಏಳಕ್ಕೆ ಮ್ಯಾನೇಜರಿಗೆ ಯಂತ್ರ ತೋರಿಸಬೇಕು. ಇಲ್ಲಿಯ ತನಕದ ದಾಖಲೆ ಒಂದು ಗಂಟೆ ಐವತ್ತು ನಿಮಿಷ.

ಬೆಳಿಗ್ಗೆ ಏಳಕ್ಕೆ ಕಿಟಕಿಗೆ ಪರದೆ ಎಳೆದು ಮಲಗಿದ. ಏಳೂ ಇಪ್ಪತ್ತಕ್ಕೆ ನಿದ್ದೆಯಲ್ಲಿ ಎಡಕ್ಕೆ ಹೊರಳಿದ, ಕೊಳವೆ ಬೆನ್ನಡಿಗೆ ಸಿಕ್ಕಿತು, ಒಂದು ಮೂತಿ ಮೂಗಿನಿಂದ ಕಿತ್ತುಕೊಂಡು ಬುಸ್ ಎಂದಿತು. ಅಡುಗೆಮನೆಯಲ್ಲಿದ್ದ ಹೆಂಡತಿ ಕುಕ್ಕರ್ ಇರಬೇಕೆಂದು ಒಲೆ ಆರಿಸಿ, ಆಮೇಲೆ ಶಬ್ದದ ಜಾಡು ಹಿಡಿದು ಬಂದು ಗಂಡನನ್ನು ಅಲುಗಾಡಿಸಿದಳು. ಮೂತಿ ಜಾರಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಎಂಟೂವರೆಗೆ ಇನ್ನೊಮ್ಮೆ ಹಾಗೇ ಆಯಿತು, ಒಂಬತ್ತೂಕಾಲಿಗೆ ಮತ್ತೊಮ್ಮೆ. ಮೂರು ಸಲವೂ ಅವಳು ಎಬ್ಬಿಸಿ, ನಿದ್ದೆ ಮಾಡ್ರೀ ಎಂದು ಬೈದು ಹೋದಳು.

ಆಗ ಭಾವಮೈದ ರಂಗಕ್ಕೆ ಇಳಿದ. ಅಕ್ಕನ ಮನೆಗೆ ನಾಲ್ಕು ದಿನ ಇದ್ದುಹೋಗಲೆಂದು ಬಂದು ಎರಡು ವರ್ಷ ಕಳೆದಿದ್ದ ಆತನಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ. ತಪ್ಪೆಲ್ಲ ಕೊಳವೆಯದು, ಅದನ್ನು ಮೇಲಕ್ಕೆ ಎತ್ತಿಕಟ್ಟಬೇಕು ಎಂದು ತೀರ್ಪು ಕೊಟ್ಟು, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಕೊಳವೆಯನ್ನು ಕಿಟಕಿಯ ಸರಳಿಗೆ ಕಟ್ಟಿದ. ಸ್ವಲ್ಪ ಗಿಡ್ಡವಾಯಿತು. ಬಾಯ್ಲರಣ್ಣ ಗೋಡೆಯ ಕಡೆ ಹೊರಳಿದಾಗ ಮೂಗು ಕಿಟಕಿಯ ಕಡೆಗೇ ಉಳಿಯಿತು. ಅವನು ಕೂಗಿದ ಕೂಗಿಗೆ ಮೇಲ್ಮನೆಯ ಟೈಲರಮ್ಮ ಸೂಜಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದಳು. ಬಂದವಳು ನೋಡಿ, ಇಷ್ಟು ವರ್ಷದ ಮೇಲೆ ಅಂತೂ ನಿನ್ನ ಗಂಡನಿಗೆ ಮೂಗುದಾರ ಬಿತ್ತಲ್ಲ ಎಂದು ಹೆಂಡತಿಯ ಹತ್ತಿರ ಸಂತೋಷಪಟ್ಟಳು.

ಟೈಲರಮ್ಮನ ಪ್ರಕಾರ ಕೊಳವೆ ಸರಿಯಾಗಿಯೇ ಇತ್ತು, ಪಟ್ಟಿ ಸಡಿಲ. ಹಳೇ ಪೆಟಿಕೋಟಿನ ಎಲಾಸ್ಟಿಕ್ ಬಿಚ್ಚಿ, ತಲೆಯ ಅಳತೆ ತೆಗೆದು, ಅರ್ಧ ಗಂಟೆಯಲ್ಲಿ ಒಂದು ಟೊಪ್ಪಿಗೆ ಹೊಲಿದು ತಂದಳು. ಹಾಕಿದ್ದೇ ತಡ ಬಾಯ್ಲರಣ್ಣನ ಹುಬ್ಬುಗಳು ಹಣೆಯ ಮಧ್ಯಕ್ಕೆ ಬಂದವು. ಮೂತಿಗಳು ಅಲುಗಲಿಲ್ಲ ಅನ್ನುವುದು ನಿಜ. ಆದರೆ ಕಣ್ಣು ಹತ್ತಿದ ಕೂಡಲೇ ಬಾಯಿ ತೆರೆದುಕೊಂಡಿತು, ಮೂಗಿನಲ್ಲಿ ಹೋದ ಗಾಳಿಯೆಲ್ಲ ಬಾಯಿಂದ ಹೊರಗೆ ಬಂತು, ಯಂತ್ರ ಸಿಟ್ಟಿಗೆದ್ದು ಕೂಗಿಕೊಂಡಿತು. ಟೈಲರಮ್ಮ ಸೋಲುವ ಪೈಕಿಯಲ್ಲ. ಬಿಳೀ ಬಟ್ಟೆಯ ಪಟ್ಟಿಯೊಂದನ್ನು ಗಲ್ಲದ ಕೆಳಗಿಂದ ನೆತ್ತಿಗೆ ತಂದು ಗಟ್ಟಿಯಾಗಿ ಗಂಟು ಹಾಕಿದಳು.

ಈಗ ಎಲ್ಲ ಸರಿಹೋಯಿತು. ಹನ್ನೊಂದು ಗಂಟೆಗೆ ಬಾಯ್ಲರಣ್ಣ ಅಂಗಾತ ಮಲಗಿ ನಿದ್ದೆ ಹೋದ. ಹನ್ನೆರಡೂವರೆಯ ತನಕ ಎಲ್ಲವೂ ನೆಟ್ಟಗಿತ್ತು. ಆಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರ್ ಕೇಳಲು ಬಂದವರು ಕಿಟಕಿಯ ಪರದೆ ಸರಿಸಿ ಬಗ್ಗಿ ನೋಡಿದರು. ಅಲುಗಾಡದ ಮೈ, ಗೊರಕೆಯಿಲ್ಲದ ಮೂಗು, ಹೆಣಕ್ಕೆ ಕಟ್ಟಿದ ಹಾಗೆ ಗಲ್ಲಕ್ಕೆ ಬಿಗಿದ ಬಿಳೀ ಬಟ್ಟೆ. ಮೇಷ್ಟ್ರು ಒಳಗೆ ಬಂದು ಕೇಳಲಿಲ್ಲ, ನೇರ ಬೀದಿಗೆ ಹೋಗಿ ಹೇಳಿದರು.

ಹತ್ತು ನಿಮಿಷದಲ್ಲಿ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿತ್ತು. ಯಾರೋ ಒಬ್ಬರು ಹದಿನೆಂಟು ವರ್ಷ ಬೆಂಕಿಯ ಮುಂದೆ ಕೂತ ಜೀವ ಎಂದು ಅಳತೊಡಗಿದರು. ಆ ಗದ್ದಲಕ್ಕೆ ಜೀವ ಎದ್ದು ಕೂತಿತು, ಮೂತಿಗಳು ಎರಡೂ ಕಿತ್ತುಬಂದವು. ಬದುಕಿದ್ದಾನೆ ಎಂದು ಗೊತ್ತಾದಾಗ ಬಂದವರಿಗೆ ಸಂತೋಷವಾಯಿತು, ಇಲ್ಲವೆನ್ನಲಾಗದು. ಆದರೆ ಕೆಲಸ ಬಿಟ್ಟು ಬಂದದ್ದಕ್ಕೆ ಏನಾದರೂ ಆಗಬೇಕಲ್ಲ ಅನ್ನುವ ಮುಖ ಕೆಲವರದ್ದಿತ್ತು. ಸಂತಾಪಕ್ಕೆಂದು ಇಟ್ಟುಕೊಂಡಿದ್ದ ಮಾತನ್ನೆಲ್ಲ ಅವರು ಸಲಹೆಗೆ ಬಳಸಿಕೊಂಡರು. ಬೀದಿ ಕೊನೆಯ ಸಲೂನಿನವನು ಮೂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಗಾಳಿ ಸೋರುವುದು ಮೀಸೆಯ ಸಂದಿಯಿಂದ ಎಂದು ಕಂಡುಹಿಡಿದ. ಬಾಯ್ಲರಣ್ಣನಿಗೆ ಇಪ್ಪತ್ತೊಂದನೇ ವಯಸ್ಸಿನಿಂದ ಆ ಮೀಸೆ. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಮೀಸೆ ಬೇಕೋ ಕುರ್ಚಿ ಬೇಕೋ?” ಎಂದಳು ಹೆಂಡತಿ.

ಕೈ ತೆಗೆದ. ಒಂದೂ ಮುಕ್ಕಾಲಿಗೆ ಮೀಸೆ ನೆಲದ ಮೇಲಿತ್ತು.

ಎರಡಕ್ಕೆ ಶುರುಮಾಡಿದರೆ ಆರಕ್ಕೆ ನಾಲ್ಕು ಗಂಟೆ. ಇದೇ ಕಡೆಯ ಅವಕಾಶ. ಟೊಪ್ಪಿಗೆ, ಗಲ್ಲಪಟ್ಟಿ, ಹಗ್ಗ ಎಲ್ಲವನ್ನೂ ಹಾಕಿ ಮಲಗಿಸಿದರು. ಮೇಷ್ಟ್ರು, ತಮ್ಮಿಂದಾದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ಗಡಿಯಾರ ಹಿಡಿದು ತಲೆಯ ಹತ್ತಿರ ಕೂತರು. ಟೈಲರಮ್ಮ ಕಾಲ ಹತ್ತಿರ, ಹೆಂಡತಿ ಬಲಕ್ಕೆ, ಭಾವಮೈದ ಕೊಳವೆ ಹಿಡಿದು ಎಡಕ್ಕೆ. ನಾಲ್ಕು ಜೊತೆ ಕಣ್ಣುಗಳು ಒಂದೇ ಮೂಗನ್ನು ನೋಡುತ್ತಿರುವಾಗಲೂ ನಿದ್ದೆ ಮಾಡಬಲ್ಲ ಅಂದರೆ ಅವನ ದಣಿವು ಎಷ್ಟಿರಬೇಕು, ನೀವೇ ಯೋಚಿಸಿ. ಐದೇ ನಿಮಿಷಕ್ಕೆ ಕಣ್ಣು ಮುಚ್ಚಿತು. ಕುತ್ತಿಗೆ ವಾಲಿತು. ಎಡದ ಮೂತಿ ಕೂದಲೆಳೆಯಷ್ಟು ಜಾರಿತು. ನಾಲ್ವರೂ ಒಟ್ಟಿಗೆ ಕಿರುಚಿ ಎಬ್ಬಿಸಿದರು.

ಆ ಗಳಿಗೆಯಲ್ಲಿ ಭಾವಮೈದನಿಗೆ ಜ್ಞಾನೋದಯವಾಯಿತು.

“ಭಾವ, ಒಂದ್ ವಿಷ್ಯ ಯಾರೂ ಗಮನಿಸೇ ಇಲ್ಲ. ಈ ಯಂತ್ರ ನಿದ್ದೆ ಲೆಕ್ಕ ಇಡಲ್ಲ. ಮಾಸ್ಕ್ ಮೂಗಲ್ಲಿದ್ಯಾ ಇಲ್ವಾ, ಅಷ್ಟೇ ನೋಡುತ್ತೆ. ನೀವು ನಿದ್ದೆ ಮಾಡೋದ್ರಿಂದಾನೇ ಇಷ್ಟೆಲ್ಲ ತೊಂದ್ರೆ. ಸುಮ್ನೆ ಎಚ್ಚರ ಇದ್ಬಿಡಿ.”

ಎಲ್ಲರೂ ತಲೆದೂಗಿದರು. ಇಷ್ಟು ಸುಲಭದ ವಿಷಯ ಡಾಕ್ಟರಿಗೂ ಹೊಳೆಯಲಿಲ್ಲವಲ್ಲ ಎಂದು ಮೇಷ್ಟ್ರು ಆಶ್ಚರ್ಯಪಟ್ಟರು. ಬಾಯ್ಲರಣ್ಣ ಏನೋ ಹೇಳಲು ಹೊರಟ. ಗಲ್ಲ ಕಟ್ಟಿದ್ದರಿಂದ ಅದು ಹ್ಞೂಂ ಎಂದು ಕೇಳಿಸಿತು. ಒಪ್ಪಿಗೆ ಎಂದು ತಿಳಿದು ಮುಂದುವರಿದರು.

ಆಮೇಲಿನ ನಾಲ್ಕು ಗಂಟೆ ಶತ್ರುವಿಗೂ ಬೇಡ. ರಾತ್ರಿಯಿಡೀ ಟ್ರಾಲಿ ತಳ್ಳಿದವನು, ಬೆಳಗಿನಿಂದ ಚೂರುಪಾರು ನಿದ್ದೆಯವನು, ಮೆತ್ತನೆಯ ಹಾಸಿಗೆಯಲ್ಲಿ ಅಂಗಾತ ಮಲಗಿ ನಿದ್ದೆ ಮಾಡಕೂಡದು. ರೆಪ್ಪೆ ಇಳಿದರೆ ಭಾವಮೈದ ಚಿವುಟುತ್ತಿದ್ದ, ಟೈಲರಮ್ಮ ಅಂಗಾಲಿಗೆ ಸೂಜಿ ಮುಟ್ಟಿಸುತ್ತಿದ್ದಳು, ಹೆಂಡತಿ ಕಣ್ಣಿಗೆ ತಣ್ಣೀರು ಚಿಮುಕಿಸುತ್ತಿದ್ದಳು. ಮೇಷ್ಟ್ರು ಕಾಲು ಗಂಟೆಗೊಮ್ಮೆ ಸಮಯ ಕೂಗುತ್ತ, ನಡುನಡುವೆ ಹದಿನಾರರ ಮಗ್ಗಿ ಕೇಳುತ್ತಿದ್ದರು. ಉತ್ತರ ಹೇಳುವ ಹಾಗಿಲ್ಲ, ಬೆರಳಲ್ಲಿ ತೋರಿಸಬೇಕು. ಮೂತಿಗಳು ಮಾತ್ರ ಮೂಗಿನಲ್ಲೇ ಹುಟ್ಟಿ ಬೆಳೆದ ಹಾಗೆ ಕೂತಿದ್ದವು.

ಆರೂ ಹತ್ತಕ್ಕೆ ಪರದೆಯ ಮೇಲೆ ನಾಲ್ಕು ಗಂಟೆ ಬಂತು. ಪಕ್ಕದಲ್ಲೇ ಒಂದು ನಗುಮುಖದ ಚಿತ್ರವೂ ಬಂತು. ಗೆದ್ದದ್ದು ತನ್ನ ಟೊಪ್ಪಿಗೆಯಿಂದ ಎಂದು ಟೈಲರಮ್ಮ, ತನ್ನ ತಲೆಯಿಂದ ಎಂದು ಭಾವಮೈದ ಜಗಳ ಶುರುಮಾಡುವಷ್ಟರಲ್ಲಿ ಬಾಯ್ಲರಣ್ಣ ಯಂತ್ರವನ್ನು ಚೀಲಕ್ಕೆ ತುರುಕಿಕೊಂಡು, ಗೋಡೆ ಹಿಡಿದುಕೊಂಡು, ಕಾರ್ಖಾನೆಯ ದಾರಿ ಹಿಡಿದಿದ್ದ.

ಮ್ಯಾನೇಜರು ಪರದೆಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದರು. ಭೇಷ್ ಎಂದರು. ಪಾಳಿಯವರನ್ನೆಲ್ಲ ಬಾಯ್ಲರ್ ಮನೆಗೆ ಕರೆಸಿ, ಮನಸ್ಸಿದ್ದರೆ ಕಾಯಿಲೆಯನ್ನೂ ಗೆಲ್ಲಬಹುದು ಅನ್ನುವುದಕ್ಕೆ ಇವರೇ ಉದಾಹರಣೆ ಎಂದರು. ಎಲ್ಲರ ಎದುರಿಗೆ ಕಡತದಲ್ಲಿ ‘ಪೂರ್ಣ ಗುಣಮುಖ’ ಎಂದು ಬರೆದರು. ಬಾಯ್ಲರಣ್ಣ ಕೆಳಗೆ ರುಜು ಹಾಕಿದ. ಆಮೇಲೆ ಅವನ ತೋಳು ಹಿಡಿದು ಕರೆದುಕೊಂಡು ಹೋಗಿ, ಬಾಯ್ಲರ್ ಕೀಲಿ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂರಿಸಿದರು. ಬಾಯ್ಲರ್ ಆಗತಾನೇ ಬೆಚ್ಚಗಾಗಿತ್ತು. ಮ್ಯಾನೇಜರು ಶಿಸ್ತಿನ ಬಗ್ಗೆ ನಾಲ್ಕು ಮಾತು ಆಡತೊಡಗಿದರು. ಮೂರನೆಯ ಮಾತಿಗೆ ಕುರ್ಚಿಯ ಕಡೆಯಿಂದ ಗೊರಕೆ ಕೇಳಿಸಿತು.

ಅಲುಗಾಡಿಸಿ ಎಬ್ಬಿಸಬೇಕಾಯಿತು. ಬಾಯ್ಲರಣ್ಣ ಧಡಕ್ಕನೆ ಎದ್ದು ನಿಂತು, ಕಾಯಿಲೆ ಸಾರ್ ಎಂದ.

“ಯಾವ ಕಾಯಿಲೆ? ಗುಣ ಆಗಿದೆ ಅಂತ ಈಗ್ತಾನೇ ರುಜು ಹಾಕಿದೀರಿ. ನಾಲ್ಕು ಗಂಟೆ ಸೊಗಸಾಗಿ ಮಲಗೆದ್ದು ಬಂದು ಮತ್ತೆ ನಿದ್ದೆ ಹೊಡೆದರೆ ಅದಕ್ಕೆ ಕಾಯಿಲೆ ಅನ್ನಲ್ಲ, ಸೋಮಾರಿತನ ಅಂತಾರೆ.”

ಮಲಗಲಿಲ್ಲ ಸಾರ್ ಎನ್ನಲು ಬಾಯಿ ತೆರೆದ. ಹಾಗಂದರೆ ಯಂತ್ರದಲ್ಲಿರುವುದು ಸುಳ್ಳಾಗುತ್ತದೆ ಎಂದು ಹೊಳೆದು ಮುಚ್ಚಿದ. ಬಾಯ್ಲರ್ ಕೀಲಿಯನ್ನು ಮ್ಯಾನೇಜರು ಅವನ ಕೈಯಿಂದ ತೆಗೆದುಕೊಂಡರು.

“ಹೋಗ್ಲಿ ಸಾರ್, ಟ್ರಾಲಿನಾದ್ರೂ ತಳ್ತೀನಿ.”

“ಅದು ಕಾಯಿಲೆಯವರು ಅಂತ ಕೊಟ್ಟಿದ್ದ ಕೆಲಸ. ಗುಣ ಆದವರಿಗೆ ಹೇಗ್ರೀ ಕೊಡೋದು? ನೀವೇ ಹೇಳಿ.”

ಅಷ್ಟರಲ್ಲಿ ಬಾಯ್ಲರಣ್ಣನಿಗೆ ನಿಂತಲ್ಲೇ ನಿದ್ದೆ ಹತ್ತಿತ್ತು.